ಡೈವೋರ್ಸ್ ಆದ ಅತ್ತಿಗೆ ಇನ್ನೂ ನಾಮಿನಿ, ಇನ್ನೊಂದು ಪಾಲಿಸಿಯ ನಾಮಿನಿ ಅಪ್ಪ ಈಗ ಇಲ್ಲ: ಅಣ್ಣನ ದುಡ್ಡು ಯಾರಿಗೆ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವರು. ನನ್ನ ಅಣ್ಣ ಮಂಗಳೂರಲ್ಲಿ ಪ್ರೈವೇಟ್ ಕಂಪೆನಿ ಕೆಲಸದಲ್ಲಿದ್ದ, 2025ರ ಜೂನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಅಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡ. ಅವನದ್ದು ಎರಡು ಪಾಲಿಸಿ ಉಂಟು. 2009ರಲ್ಲಿ, ಮದುವೆಗೆ ಮೊದಲು ಮಾಡಿದ 3 ಲಕ್ಷದ್ದಕ್ಕೆ ಅಪ್ಪ ನಾಮಿನಿ, ಅಪ್ಪ 2021ರಲ್ಲಿ ಹೋದ್ರು. 2014ರಲ್ಲಿ ಮಾಡಿದ 10 ಲಕ್ಷದ್ದಕ್ಕೆ ಅತ್ತಿಗೆ ನಾಮಿನಿ, ಅವರಿಬ್ಬರಿಗೆ 2022ರಲ್ಲಿ ಡೈವೋರ್ಸ್ ಆಗಿದೆ, 12 ವರ್ಷದ ಮಗಳು ಅತ್ತಿಗೆ ಜೊತೆ ಪುತ್ತೂರಲ್ಲಿದ್ದಾಳೆ. ಏಜೆಂಟ್ ಹೇಳ್ತಾರೆ ನಾಮಿನಿ ಹೆಸರು ಅವರದ್ದೇ ಉಂಟಲ್ಲ, ಅವರಿಗೇ ಹೋಗ್ತದೆ ಅಂತ. ಸೋದರಮಾವ ಹೇಳ್ತಾರೆ ಡೈವೋರ್ಸ್ ಆದ್ಮೇಲೆ ಅವರಿಗೂ ಇಲ್ಲ ಮಗಳಿಗೂ ಇಲ್ಲ, ಎಲ್ಲ ಅಮ್ಮನಿಗೆ, ಅಪ್ಪನ ಹೆಸರಿನ ಪಾಲಿಸಿಯಲ್ಲಿ ಅಪ್ಪನ ಮಗಳು ಅಂತ ನನಗೂ ಪಾಲು ಉಂಟು ಅಂತ. ಯಾರು ಹೇಳಿದ್ದು ಸರಿ? ಅತ್ತಿಗೆ ಹತ್ರ ನಮ್ಮ ಮಾತು ನಿಂತು ಮೂರು ವರ್ಷ ಆಯ್ತು.

ಉತ್ತರ: ಇಬ್ಬರು ಹೇಳಿದ್ದೂ ಅರ್ಧರ್ಧ ತಪ್ಪು ತಂಗಿ, ಮತ್ತೆ ಮಾವ ಹೇಳಿದ್ದರಲ್ಲಿ ತಪ್ಪು ಸ್ವಲ್ಪ ಜಾಸ್ತಿಯೇ ಉಂಟು. ನಾನು ವಿಮೆ ಆಫೀಸಿನ ಕ್ಲೈಮ್ ಸೆಕ್ಷನಲ್ಲಿ ಕೂತು ಕೂತು ರಿಟೈರ್ ಆದವ, ವಕೀಲ ಅಲ್ಲ, ಆದ್ರೆ ನಿಮ್ಮಂಥದ್ದೇ ಫೈಲು ವರ್ಷಕ್ಕೆ ನಾಲ್ಕೈದಾದ್ರೂ ನನ್ನ ಮೇಜಿಗೆ ಬರ್ತಿತ್ತು, ಅದರಲ್ಲಿ ಒಂದು ವಿಷಯ ಮಾತ್ರ ನನಗೆ ಗಟ್ಟಿಯಾಗಿ ತಲೆಗೆ ಹತ್ತಿದೆ. ಮನೆಯವರು ಯಾವಾಗಲೂ ಹೆಸರಿನ ಮೇಲೆ ಜಗಳ ಮಾಡ್ತಾರೆ, ಆದ್ರೆ ಕೇಸು ತೀರ್ಮಾನ ಆಗುವುದು ತಾರೀಕಿನ ಮೇಲೆ. ಅಣ್ಣ ಹೋದ ಆ ದಿನ ಯಾರು ಜೀವಂತ ಇದ್ರು, ಯಾರು ಕಾನೂನು ಪ್ರಕಾರ ಹೆಂಡತಿ ಆಗಿದ್ರು, ಯಾರು ಮಗಳು, ಇಷ್ಟೇ ಪ್ರಶ್ನೆ. ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ಅಪ್ಪ ಹೋದ ತಾರೀಕು, ಡೈವೋರ್ಸ್ ಡಿಕ್ರಿ ಆದ ತಾರೀಕು, ಅಣ್ಣ ಹೋದ ತಾರೀಕು ಮೂರನ್ನೂ ಒಂದರ ಕೆಳಗೆ ಒಂದು ಬರೆದಿಡಿ, ಆಮೇಲೆ ನಾನು ಹೇಳುವುದು ಸುಲಭದಲ್ಲಿ ಅರ್ಥ ಆಗ್ತದೆ.

ಸುಲಭದ್ದು ಮೊದಲು ಮುಗಿಸುವ, ಅಪ್ಪನ ಹೆಸರಿದ್ದ 3 ಲಕ್ಷದ ಪಾಲಿಸಿ. 1938ರ ಇನ್ಶೂರೆನ್ಸ್ ಆಕ್ಟಿನ 39ನೇ ಸೆಕ್ಷನ್ ಇಡೀ ನಾಮಿನೇಶನ್ ಬಗ್ಗೆಯೇ ಇರುವುದು. ಪಾಲಿಸಿ ಮಾಡಿದವ ಹೋಗುವ ಮೊದಲೇ ನಾಮಿನಿ ತೀರಿಹೋಗಿದ್ರೆ ಆ ನಾಮಿನೇಶನ್ ಅಲ್ಲಿಗೇ ಮುಗೀತು, ದುಡ್ಡು ಪಾಲಿಸಿ ಮಾಡಿದವನ ವಾರಸುದಾರರಿಗೆ ಹೋಗ್ತದೆ ಅಂತ ಅದರಲ್ಲಿ ಉಂಟು. ನೋಡಿ, ಅಣ್ಣನ ವಾರಸುದಾರರಿಗೆ, ಅಪ್ಪನ ವಾರಸುದಾರರಿಗೆ ಅಲ್ಲ. ಅಪ್ಪನಿಗೆ ಆ ದುಡ್ಡಿನ ಮೇಲೆ ಹಕ್ಕು ಹುಟ್ಟುವ ದಿನ ಬರುವ ಮೊದಲೇ ಅಪ್ಪ ಹೋಗಿಯಾಗಿತ್ತು, ಹುಟ್ಟದ ಹಕ್ಕು ಅವರ ಮಕ್ಕಳಿಗೆ ಇಳಿದು ಬರುವುದು ಹೇಗೆ? ಒಂದು ವೇಳೆ ಉಲ್ಟಾ ಆಗಿದ್ರೆ, ಅಂದ್ರೆ ಅಣ್ಣ ಮೊದಲು ಹೋಗಿ, ಕ್ಲೈಮ್ ದುಡ್ಡು ಕೈಗೆ ಬರುವ ಮೊದಲು ಅಪ್ಪ ಹೋಗಿದ್ರೆ, ಆಗ ಮಾವನ ಮಾತಿಗೆ ಸ್ವಲ್ಪ ಜೀವ ಬರ್ತಿತ್ತು, ಯಾಕಂದ್ರೆ ಅಂಥ ಸಂದರ್ಭಕ್ಕೆ ಅದೇ ಸೆಕ್ಷನಲ್ಲಿ ನಾಮಿನಿಯ ವಾರಸುದಾರರಿಗೆ ಕೊಡುವ ವ್ಯವಸ್ಥೆ ಬೇರೆಯೇ ಉಂಟು. ನಿಮ್ಮದರಲ್ಲಿ 2021 ಮೊದಲು, 2025 ಆಮೇಲೆ. ಅಷ್ಟೇ.

ನನ್ನ ಮನೆಯಲ್ಲೇ ಇದು ಆಗಿದೆ ಅಂದ್ರೆ ನಗಬೇಡಿ. ನನ್ನ ಅಪ್ಪ ಮಾಡಿದ ಒಂದು ಹಳೇ ಪಾಲಿಸಿಗೆ ಅಜ್ಜಿ ನಾಮಿನಿ, ಅಜ್ಜಿ ಹೋಗಿ ಹದಿನೆಂಟು ವರ್ಷ ಆದ ಮೇಲೆ ಅಪ್ಪ ಹೋದ್ರು, ಆ ಹದಿನೆಂಟು ವರ್ಷದಲ್ಲಿ ನಾನು ಊರಿನ ಎಲ್ಲರ ನಾಮಿನೇಶನ್ ಚೇಂಜ್ ಮಾಡಿಸಿ ಕೊಟ್ಟಿದ್ದೆ, ಸ್ವಂತ ಅಪ್ಪನ ಬಾಂಡ್ ಒಂದು ಸಲ ತೆಗೆದು ನೋಡ್ಲಿಲ್ಲ. ಬ್ರಾಂಚಿನಲ್ಲಿ ನನ್ನದೇ ಪರಿಚಯದವರು ಇದ್ರೂ ಎಲ್ಲ ವಾರಸುದಾರರ ಸಹಿ, ಅಫಿಡವಿಟ್ಟು, ಜಾಮೀನು ಪತ್ರ ಅಂತ ಒಂದು ವರ್ಷ ಓಡಾಡಿಸಿದ್ರು. ಸಹಿ ಹಾಕ್ಲಿಕ್ಕೆ ಮುಂಬೈಯಲ್ಲಿದ್ದ ಅಕ್ಕ ಬರಬೇಕಿತ್ತು, ಅವಳು ಬಂದಾಗ ಆಫೀಸಿಗೆ ರಜೆ.

ಈಗ ಕಷ್ಟದ್ದು, ಅತ್ತಿಗೆಯ ಹೆಸರಿರುವ 10 ಲಕ್ಷ.

ನಮ್ಮ ದೇಶದಲ್ಲಿ ಡೈವೋರ್ಸ್ ಆದ ಕೂಡ್ಲೇ ನಾಮಿನೇಶನ್ ತನ್ನಷ್ಟಕ್ಕೆ ಬಿದ್ದುಹೋಗುವುದಿಲ್ಲ. ಫ್ಯಾಮಿಲಿ ಕೋರ್ಟಿನ ಡಿಕ್ರಿ ಒಂದು ಕಡೆ, ವಿಮೆ ಕಂಪೆನಿಯ ಕಂಪ್ಯೂಟರ್ ಇನ್ನೊಂದು ಕಡೆ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪಾಲಿಸಿ ಮಾಡಿದವ ಸ್ವತಃ ಬರೆದುಕೊಟ್ಟು ಬದಲಾಯಿಸಬೇಕು, ಬದಲಾವಣೆ ದಾಖಲಾಯ್ತು ಅಂತ ಕಂಪೆನಿ ಲಿಖಿತ ಸ್ವೀಕೃತಿ ಕೊಡಬೇಕು. ನಿಮ್ಮ ಅಣ್ಣ ಅದನ್ನ ಮಾಡ್ಲಿಲ್ಲ, ಯಾರೂ ಮಾಡುವುದಿಲ್ಲ ಅನ್ನಿ, ಡೈವೋರ್ಸ್ ಆದ ವರ್ಷ ಮನುಷ್ಯನಿಗೆ ಪಾಲಿಸಿ ಬಾಂಡ್ ನೆನಪಾಗ್ತದಾ? ಹಾಗಾಗಿ ಇವತ್ತಿಗೂ ಕಂಪೆನಿಯ ಲೆಕ್ಕದಲ್ಲಿ ಅತ್ತಿಗೆಯೇ ನಾಮಿನಿ, ಅವರು ಇವತ್ತು ಫಾರ್ಮ್ ಕೊಟ್ರೆ ಕಂಪೆನಿ ದುಡ್ಡು ಕೊಟ್ಟು ಕೈ ತೊಳ್ಕೊಳ್ತದೆ, ನಿಮ್ಮ ಕಡೆಯಿಂದ ಲಿಖಿತವಾಗಿ ಏನೂ ಹೋಗದಿದ್ರೆ ಆಮೇಲೆ ಕಂಪೆನಿಯನ್ನ ಕೇಳ್ಲಿಕ್ಕೆ ಆಗುವುದಿಲ್ಲ. ಏಜೆಂಟ್ ಹೇಳಿದ ಅರ್ಧ ಸತ್ಯ ಇದು.

ಇನ್ನರ್ಧ ಅವರು ಹೇಳ್ಲಿಲ್ಲ. ಕೌಂಟರಿನಲ್ಲಿ ದುಡ್ಡು ತಗೊಳ್ಳುವುದು ಬೇರೆ, ಆ ದುಡ್ಡು ಯಾರದ್ದು ಅನ್ನುವುದು ಬೇರೆ. 1983ರ ಡಿಸೆಂಬರಲ್ಲಿ ಸರ್ಬತಿ ದೇವಿ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನ ಬಿಡಿಸಿ ಹೇಳಿತ್ತು, ನಾಮಿನಿ ಅಂದ್ರೆ ದುಡ್ಡು ಇಸ್ಕೊಳ್ಳುವ ಕೈ ಮಾತ್ರ, ಪಾಲು ವಾರಸುದಾರರದ್ದು ಅಂತ. ಮೂವತ್ತು ವರ್ಷ ಹಾಗೇ ನಡೀತು. ಆಮೇಲೆ ಕಾಯ್ದೆಗೆ ತಿದ್ದುಪಡಿ ಬಂತು, 2014ರ ಡಿಸೆಂಬರ್ 26ರಿಂದ ಜಾರಿ, ಅದರಲ್ಲಿ ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ಇವರನ್ನ ನಾಮಿನಿ ಮಾಡಿದ್ರೆ ಅವರು ಬರೀ ಕೈ ಅಲ್ಲ, ಆ ದುಡ್ಡಿಗೆ ಅವರೇ ಹಕ್ಕುದಾರರು ಅನ್ನುವ ಥರ ಬರೆದ್ರು. ಪಾಲಿಸಿ ಹಳೇದೋ ಹೊಸತೋ ಮುಖ್ಯ ಅಲ್ಲ, ದುಡ್ಡು ಕೊಡಬೇಕಾದ ದಿನ ತಿದ್ದುಪಡಿಯ ನಂತರದ್ದಾಗಿದ್ರೆ ಹೊಸ ಸೆಕ್ಷನೇ. ಹಾಗಾಗಿ ನಿಮ್ಮ ಎರಡೂ ಪಾಲಿಸಿಗೆ ಇದು ತಾಗ್ತದೆ.

ಹಾಗಾದ್ರೆ ಅತ್ತಿಗೆ ಹಕ್ಕುದಾರರಾ? ಇಲ್ಲಿ ವಕೀಲರು ಎರಡು ಪಂಗಡ. ಒಂದು ಪಂಗಡ ಹೇಳ್ತದೆ ಹೆಸರು ಬರೆದ ದಿನ ಅವಳು ಹೆಂಡತಿ, ಆದ್ದರಿಂದ ಹಕ್ಕು ಉಂಟು ಅಂತ. ಇನ್ನೊಂದು ಹೇಳ್ತದೆ ಗಂಡ ಸತ್ತ ದಿನ ಅವಳು ಹೆಂಡತಿಯೇ ಅಲ್ಲ, ಮತ್ತೆಂಥ ಹಕ್ಕು ಅಂತ. ನನಗೆ ಎರಡನೇದ್ದೇ ಸರಿ ಕಾಣ್ತದೆ. ಅದಕ್ಕೆ ಬಲ ಕೊಡುವ ಹಾಗೆ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಿಂದ ಒಂದು ತೀರ್ಪು ಬಂತು. ಅಲ್ಲಿ ಒಬ್ಬರು ಮದುವೆಗೆ ಮೊದಲು ತಾಯಿಯನ್ನ ನಾಮಿನಿ ಮಾಡಿ, ಮದುವೆ ಆಗಿ ಮಗು ಆದ ಮೇಲೂ ಬದಲಾಯಿಸದೆ ತೀರಿಹೋಗಿದ್ರು. ತಾಯಿ ಪೂರ್ತಿ ನನಗೆ ಅಂದ್ರು, ಕೋರ್ಟು ಆಗುವುದಿಲ್ಲ ಅಂತ ತಾಯಿ, ಹೆಂಡತಿ, ಮಗು ಮೂವರಿಗೂ ಸಮ ಮೂರು ಪಾಲು ಮಾಡಿತು. ವಾರಸುದಾರರು ನಮ್ಮ ಪಾಲು ಅಂತ ಮುಂದೆ ಬಂದ್ರೆ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾನೂನಿಗೆ ತಲೆಬಾಗಬೇಕು ಅಂತ. ಆದ್ರೆ ನಾವು ಇರುವುದು ಕಾಸರಗೋಡು, ನಮ್ಮ ಮೇಲೆ ಕೂತದ್ದು ಕೇರಳ ಹೈಕೋರ್ಟು. ಕರ್ನಾಟಕದ ತೀರ್ಪನ್ನ ಇಲ್ಲಿಯ ಕೋರ್ಟಿನಲ್ಲಿ ತೋರಿಸಬಹುದು, ವಾದಕ್ಕೆ ಬಲ ಬರ್ತದೆ, ಆದ್ರೆ ಒಪ್ಪಲೇಬೇಕು ಅಂತ ಇಲ್ಲ. ಗಡಿಯಲ್ಲಿ ಇರುವವರ ಪಾಡು, ತೀರ್ಪು ಅರ್ಧ ಗಂಟೆ ದಾರಿ ಆಚೆ ಬೇರೆ.

ಒಂದು ಕಾಗದ ನೀವು ಇನ್ನೂ ನೋಡಿರ್ಲಿಕ್ಕಿಲ್ಲ, ಅದು ಡೈವೋರ್ಸ್ ಅರ್ಜಿಯ ಒಪ್ಪಂದದ ಭಾಗ. ಇಬ್ಬರೂ ಒಪ್ಪಿ ಮಾಡಿದ ಡೈವೋರ್ಸ್ ಆದ್ರೆ, ಅಂದ್ರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕೆಳಗೆ, ಅರ್ಜಿಯಲ್ಲಿ ಜೀವನಾಂಶ ಇಷ್ಟು, ಚಿನ್ನ ಇಷ್ಟು, ಮಗಳ ಖರ್ಚು ಇಷ್ಟು ಅಂತ ಬರೆದು ಕಡೆಗೆ ಇನ್ನು ಮುಂದೆ ಒಬ್ಬರ ಆಸ್ತಿ ಮೇಲೆ ಇನ್ನೊಬ್ಬರಿಗೆ ಯಾವ ಹಕ್ಕೂ ಇಲ್ಲ ಅಂತ ಒಂದು ಸಾಲು ಇರ್ತದೆ. ಆ ಸಾಲು ಇದ್ರೆ ನಿಮ್ಮ ಕೈ ಗಟ್ಟಿ. ಅಣ್ಣನ ವಕೀಲರ ಹತ್ರ ಕಾಪಿ ಇಲ್ಲದಿದ್ರೆ ಕೋರ್ಟಿನಿಂದ ಸರ್ಟಿಫೈಡ್ ಕಾಪಿ ತೆಗೆಸಿ. ಮತ್ತೆ ಡಿಕ್ರಿ ಅಂದ್ರೆ ಡಿಕ್ರಿಯೇ ಆಗಬೇಕು. ನಮ್ಮ ಕಡೆ ಹಿರಿಯರೆಲ್ಲ ಕೂತು ಮಾತಾಡಿ ಛಾಪಾ ಕಾಗದದಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿ ಮುಗೀತು ಅನ್ನುವ ಪದ್ಧತಿ ಇನ್ನೂ ಉಂಟು, ಅಂಥದ್ದು ಸಾಮಾನ್ಯವಾಗಿ ಡೈವೋರ್ಸ್ ಅಲ್ಲ, ಹತ್ತು ವರ್ಷ ಬೇರೆ ಕೂತಿದ್ರೂ ಅವಳು ಹೆಂಡತಿಯೇ, ಗಂಡ ಹೋದ ದಿನ ಅವಳು ವಿಧವೆ, ತಾಯಿ ಮಕ್ಕಳ ಜೊತೆ ಸಮ ಪಾಲುದಾರಳು. ನೀವು 2022ರಲ್ಲಿ ಆಗಿದೆ ಅಂತ ಬರೆದದ್ದು ಕೋರ್ಟಿನದ್ದಾ ಛಾಪಾ ಕಾಗದದ್ದಾ ಅಂತ ನನಗೆ ಪ್ರಶ್ನೆಯಿಂದ ಗೊತ್ತಾಗ್ಲಿಲ್ಲ, ಕೋರ್ಟಿನದ್ದು ಅಂತಲೇ ಇಟ್ಟುಕೊಂಡು ಮುಂದೆ ಹೋಗ್ತೇನೆ.

ಹಾಗಾದ್ರೆ ಪಾಲು ಯಾರಿಗೆ. ನೀವು ಹಿಂದೂ, ಅಣ್ಣ ವಿಲ್ ಬರೆದಿಲ್ಲ ಅಂತಾದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡಸು ತೀರಿಹೋದ್ರೆ ಮೊದಲ ವರ್ಗದಲ್ಲಿ ಮಗ, ಮಗಳು, ವಿಧವೆ, ತಾಯಿ ಎಲ್ಲ ಒಟ್ಟಿಗೆ ಬರ್ತಾರೆ. ನಿಮ್ಮ ಮನೆಯಲ್ಲಿ ಮಗ ಇಲ್ಲ, ಡೈವೋರ್ಸ್ ಆದ್ದರಿಂದ ವಿಧವೆ ಇಲ್ಲ, ಉಳಿದದ್ದು ಅಮ್ಮ ಮತ್ತು ಆ 12 ವರ್ಷದ ಮಗಳು. ಇಬ್ಬರಿಗೂ ಅರ್ಧ ಅರ್ಧ. ನಿಮಗೆ ಇಲ್ಲ ತಂಗಿ, ಬೇಸರ ಮಾಡ್ಕೊಬೇಡಿ, ಒಡಹುಟ್ಟಿದವರು ಎರಡನೇ ವರ್ಗ, ಮೊದಲ ವರ್ಗದಲ್ಲಿ ಒಬ್ಬರು ಇದ್ರೂ ಎರಡನೇದ್ದಕ್ಕೆ ಒಂದು ಪೈಸೆ ಇಳಿಯುವುದಿಲ್ಲ. ಅಪ್ಪ ಕೂಡ ಎರಡನೇ ವರ್ಗವೇ ಅಂದ್ರೆ ನಂಬ್ತೀರಾ, ಅಮ್ಮ ಒಂದನೇದ್ದು ಅಪ್ಪ ಎರಡನೇದ್ದು, ಇದನ್ನ ಹೇಳಿದಾಗೆಲ್ಲ ನಮ್ಮ ಆಫೀಸಿನಲ್ಲಿ ಗಂಡಸರ ಮುಖ ನೋಡಬೇಕಿತ್ತು.

ಡೈವೋರ್ಸ್ ಆದದ್ದು ಹೆಂಡತಿಗೆ, ಮಗಳಿಗಲ್ಲ. ಮಾವನಿಗೆ ಇದೊಂದು ಮಾತು ಸ್ವಲ್ಪ ಜೋರಾಗಿ ಹೇಳಿ. ಮಗಳು ಯಾರ ಜೊತೆ ಇದ್ದಾಳೆ, ಯಾವ ಶಾಲೆಗೆ ಹೋಗ್ತಾಳೆ, ಅಜ್ಜನ ಮನೆ ಜಾತ್ರೆಗೆ ಬಂದಿದ್ದಾಳಾ ಇಲ್ವಾ, ಇದು ಯಾವುದೂ ಅವಳ ಅರ್ಧ ಪಾಲನ್ನ ಕಡಿಮೆ ಮಾಡುವುದಿಲ್ಲ. ಅವಳು ಮೈನರ್, ಅಪ್ಪ ಇಲ್ಲ, ಹಾಗಾದ್ರೆ ಅವಳ ಪರವಾಗಿ ಸಹಿ ಹಾಕುವ ಗಾರ್ಡಿಯನ್ ಯಾರು? ಅವಳ ಅಮ್ಮ, ನಿಮ್ಮ ಅತ್ತಿಗೆ. ಅತ್ತಿಗೆಯನ್ನ ಬಾಗಿಲಿಂದ ಹೊರಗೆ ಹಾಕಿದ್ರೆ ಕಿಟಕಿಯಿಂದ ಅವರೇ ಒಳಗೆ ಬರ್ತಾರೆ ಅಂತ ಅರ್ಥ. ವಿಷಯ ಕೋರ್ಟಿಗೆ ಹೋದ್ರೆ ಮೈನರ್ ಪಾಲನ್ನ 18 ಆಗುವವರೆಗೆ ಬ್ಯಾಂಕಲ್ಲಿ ಎಫ್‌ಡಿ ಇಡಿ ಅಂತ ಆರ್ಡರ್ ಆಗುವುದು ಸಾಮಾನ್ಯ, ಅದು ನಿಮಗೂ ಸಮಾಧಾನವೇ, ಮಗುವಿನ ದುಡ್ಡು ಬೇರೆ ಕಡೆ ಕರಗಿಹೋಗುವುದಿಲ್ಲ.

ಲೆಕ್ಕ ಹಾಕುವ. ಬೋನಸ್ ಬಿಟ್ಟು ಬರೀ ಮೊತ್ತ ಹಿಡಿದ್ರೆ 3 ಮತ್ತು 10, ಒಟ್ಟು 13 ಲಕ್ಷ. ಕಾನೂನಿನ ನೇರ ಓದಿನಲ್ಲಿ ಅಮ್ಮನಿಗೆ ಆರೂವರೆ, ಮಗಳಿಗೆ ಆರೂವರೆ. ಅತ್ತಿಗೆ ನಾನೇ ಹಕ್ಕುದಾರಳು ಅಂತ ಹಟ ಹಿಡಿದು ಗೆದ್ರು ಅಂತಲೇ ಇಟ್ಟುಕೊಳ್ಳಿ, ಆಗಲೂ 10 ಮಾತ್ರ ಅವರಿಗೆ, 3 ಲಕ್ಷದಲ್ಲಿ ಅಮ್ಮನಿಗೆ ಒಂದೂವರೆ ಹೇಗೂ ಉಂಟು. ಅಂದ್ರೆ ನೀವು ಹೋರಾಡ್ತಾ ಇರುವುದು ಅಮ್ಮನ 5 ಲಕ್ಷಕ್ಕೆ. ಕೋರ್ಟು ಫೀಸು, ವಕೀಲರು, ಬಸ್ಸು, ಬಿಸಿಲು ಎಲ್ಲ ಆ 5 ಲಕ್ಷದ ಎದುರು ತೂಕ ಮಾಡಿ ನೋಡಿ.

ಅಳಿಯಸಂತಾನ, ಅಂದ್ರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿ, ಅಂತ ಯಾರಾದ್ರೂ ಮಧ್ಯೆ ತಂದ್ರೆ, ಬಂಟರು ಬಿಲ್ಲವರಲ್ಲಿ ಹಾಗೆ ತರುವವರು ಇದ್ದಾರೆ, ಅವರಿಗೆ ಹೇಳಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಸೆಕ್ಷನಲ್ಲಿ ಅಳಿಯಸಂತಾನದವರಿಗೆ ಬೇರೆ ಕ್ರಮ ಇರುವುದು ಹೆಚ್ಚಾಗಿ ಹೆಂಗಸು ತೀರಿಹೋದಾಗ, ಗಂಡಸಿನ ಮೊದಲ ವರ್ಗ ಅದೇ. ಬ್ಯಾರಿ ಮನೆಯಾದ್ರೆ, ಕ್ರಿಶ್ಚಿಯನ್ ಮನೆಯಾದ್ರೆ ಪಾಲಿನ ಲೆಕ್ಕ ಪೂರ್ತಿ ಬೇರೆ, ಅದನ್ನ ಇಲ್ಲಿ ಎಳೆಯುವುದು ಬೇಡ.

ಇನ್ನು ಮಾಡಬೇಕಾದ್ದು. ಮೊದಲನೇದ್ದು ಇವತ್ತೇ, ನಾಳೆ ಅಲ್ಲ. ಪಾಲಿಸಿ ಇರುವ ಬ್ರಾಂಚಿಗೆ ಅಮ್ಮನ ಸಹಿಯಲ್ಲಿ ಒಂದು ಕಾಗದ. ದೊಡ್ಡ ಭಾಷೆ ಬೇಡ, ಹೀಗೆ ಸಾಕು: ನನ್ನ ಮಗ ಇಂಥವನು, ಪಾಲಿಸಿ ನಂಬರ್ ಇಂಥದ್ದು, ಇಂಥ ದಿನ ತೀರಿಕೊಂಡಿದ್ದಾನೆ, ನಾಮಿನಿ ಅಂತ ಇರುವವರ ಜೊತೆ ಅವನ ವಿವಾಹ ಇಂಥ ಕೋರ್ಟಿನ ಇಂಥ ತಾರೀಕಿನ ಡಿಕ್ರಿಯಿಂದ ರದ್ದಾಗಿದೆ, ನಾನೂ ಅವನ ಮೈನರ್ ಮಗಳೂ ಮೊದಲ ವರ್ಗದ ವಾರಸುದಾರರು, ನಮಗೆ ತಿಳಿಸದೆ ಹಣ ಪಾವತಿ ಮಾಡಬಾರದಾಗಿ ಕೋರಿಕೆ. ಡೆತ್ ಸರ್ಟಿಫಿಕೇಟು, ಡಿಕ್ರಿ ಎರಡರ ಕಾಪಿ ಜೊತೆಗೆ. ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿ ತನ್ನಿ, ಹಾಕ್ಲಿಕ್ಕೆ ಆಗುವುದಿಲ್ಲ ಅಂದ್ರೆ ಹೊರಗೆ ಬಂದು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನಾನು ಕೌಂಟರಿನ ಆಚೆ ಕೂತವನಾಗಿ ಹೇಳ್ತೇನೆ, ಬಾಯಲ್ಲಿ ಹೇಳಿ ಹೋದದ್ದು ಮರುದಿನ ನಮಗೆ ನೆನಪಿರುವುದಿಲ್ಲ, ಸೀಲಾದ ಕಾಗದ ಫೈಲಿಗೆ ಹೋದ್ರೆ ಯಾವ ಆಫೀಸರೂ ಅದನ್ನ ಹಾರಿ ಸಹಿ ಹಾಕುವ ಧೈರ್ಯ ಮಾಡುವುದಿಲ್ಲ. ಎರಡು ಕಡೆಯಿಂದ ಕ್ಲೈಮ್ ಬಂದ್ರೆ ಕಂಪೆನಿ ಸಕ್ಸೆಶನ್ ಸರ್ಟಿಫಿಕೇಟ್ ತನ್ನಿ ಅಂತ ಹೇಳ್ತದೆ, ಇಲ್ಲವೇ ದುಡ್ಡನ್ನ ಕೋರ್ಟಿಗೆ ಕಟ್ಟಿ ಕೂರ್ತದೆ.

ಕಾಗದ ಕೊಡುವ ದಿನವೇ ಆ 10 ಲಕ್ಷದ ಬಾಂಡ್ ತೆಗೆದು ಒಂದು ಶಬ್ದ ಹುಡುಕಿ, ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರದ್ದು, ಅಂತ ಎಲ್ಲಿಯಾದ್ರೂ ಇದೆಯಾ ಅಂತ. ಆ ಕಾಯ್ದೆ ಕೆಳಗೆ ಮಾಡಿದ ಪಾಲಿಸಿ ಆದ್ರೆ ಅದು ಹೆಂಡತಿ ಮಕ್ಕಳಿಗಾಗಿ ಇಟ್ಟ ಟ್ರಸ್ಟಿನ ಹಾಗೆ, 39ನೇ ಸೆಕ್ಷನ್ ಅದಕ್ಕೆ ಲಾಗೂ ಆಗುವುದೇ ಇಲ್ಲ, ನಾನು ಮೇಲೆ ಹೇಳಿದ್ದು ಎಲ್ಲ ಆ ಪಾಲಿಸಿಗೆ ಬಿಟ್ಟುಬಿಡಿ, ಡೈವೋರ್ಸ್ ಆದ ಮಾತ್ರಕ್ಕೆ ಅದರಿಂದ ಹೆಸರು ಕಿತ್ತು ಹಾಕ್ಲಿಕ್ಕೆ ಸುಲಭದಲ್ಲಿ ಆಗುವುದಿಲ್ಲ. ನಮ್ಮ ಕಡೆ ಅಂಥ ಪಾಲಿಸಿ ಕಡಿಮೆ, ವ್ಯಾಪಾರಸ್ಥರು ಮಾಡ್ತಾರೆ, ಆದ್ರೂ ನೋಡಿ. ಹಾಗೇ ಪಾಲಿಸಿಯನ್ನ ಯಾವುದಾದ್ರೂ ಬ್ಯಾಂಕಿಗೆ ಸಾಲಕ್ಕೆ ಅಸೈನ್ ಮಾಡಿದ್ದಾನಾ, ಅಂದ್ರೆ ಹಕ್ಕು ಬರೆದುಕೊಟ್ಟಿದ್ದಾನಾ ಅಂತಲೂ ಬಾಂಡಿನ ಹಿಂದೆ ನೋಡಿ, ಅಸೈನ್ ಆಗಿದ್ರೆ ಬ್ಯಾಂಕ್ ಮೊದಲು.

ಸಕ್ಸೆಶನ್ ಸರ್ಟಿಫಿಕೇಟ್ ಅಂದ್ರೆ 1925ರ ಇಂಡಿಯನ್ ಸಕ್ಸೆಶನ್ ಆಕ್ಟ್ ಕೆಳಗೆ ಕೋರ್ಟು ಕೊಡುವುದು, ತೀರಿಹೋದವ ಸಾಮಾನ್ಯವಾಗಿ ವಾಸ ಇದ್ದ ಜಾಗದ ಕೋರ್ಟಲ್ಲಿ ಹಾಕಬೇಕು. ಅಣ್ಣ ಮಂಗಳೂರಲ್ಲಿ ರೂಮ್ ಮಾಡಿ ವಾರ ವಾರ ಊರಿಗೆ ಬರ್ತಿದ್ನಾ, ಅಲ್ಲಿಯೇ ಪೂರ್ತಿ ಇದ್ನಾ ಅನ್ನುವುದರ ಮೇಲೆ ಕಾಸರಗೋಡಾ ಮಂಗಳೂರಾ ಅಂತ ವಕೀಲರು ಹೇಳ್ತಾರೆ. ಎಲ್ಲಿ ತೆಗೆದ್ರೂ ದೇಶ ಇಡೀ ನಡೀತದೆ. ತಹಶೀಲ್ದಾರರ ಲೀಗಲ್ ಹೇರ್‌ಶಿಪ್ ಸರ್ಟಿಫಿಕೇಟ್ ಬೇರೆ, ಅದು ವಿಲೇಜ್ ಆಫೀಸಿನಿಂದ ಶುರುವಾಗಿ ಗಜೆಟಲ್ಲಿ ಹಾಕಿ ತಕರಾರು ಉಂಟಾ ಅಂತ ಕಾದು ಬರುವುದು, ಯಾರೂ ಜಗಳ ಮಾಡದಿದ್ರೆ ಸಣ್ಣ ಮೊತ್ತಕ್ಕೆ ಕಂಪೆನಿಗಳು ಅದರಲ್ಲೇ ಮುಗಿಸಿಬಿಡ್ತಾರೆ. ನಿಮ್ಮ 3 ಲಕ್ಷದ್ದಕ್ಕೆ ಅದನ್ನೇ ಮೊದಲು ಕೇಳಿ ನೋಡಿ.

ನಮ್ಮ ಊರಿನ ದೊಡ್ಡ ತಲೆನೋವು ಕಾನೂನು ಅಲ್ಲ, ಹೆಸರು. ಇದನ್ನ ಹೇಳದೆ ನನಗೆ ಬಿಡ್ಲಿಕ್ಕೆ ಆಗುವುದಿಲ್ಲ. ಒಬ್ಬನೇ ಮನುಷ್ಯ ಕನ್ನಡ ಮೀಡಿಯಂ ಶಾಲೆಯ ಸರ್ಟಿಫಿಕೇಟಲ್ಲಿ ಕೆ. ರಮೇಶ, ರೇಶನ್ ಕಾರ್ಡಲ್ಲಿ ಮಲಯಾಳದಲ್ಲಿ ಬರೆದದ್ದನ್ನ ವಾಪಸ್ ಇಂಗ್ಲಿಷಿಗೆ ತಂದು ರಮೇಶನ್, ಆಧಾರಲ್ಲಿ ರಮೇಶ್ ಕುಮಾರ್, ಪಾಲಿಸಿಯಲ್ಲಿ ರಮೇಶ ಕೆ ಭಟ್. ಅಣ್ಣ ಮಂಗಳೂರಿನ ಆಸ್ಪತ್ರೆಯಲ್ಲಿ ಹೋದದ್ದರಿಂದ ಡೆತ್ ಸರ್ಟಿಫಿಕೇಟ್ ಕರ್ನಾಟಕದ್ದು, ಅದರಲ್ಲಿ ಆಸ್ಪತ್ರೆಯವರು ಅಡ್ಮಿಟ್ ಮಾಡುವಾಗ ಯಾರೋ ಹೇಳಿದ ಹೆಸರು ಇರ್ತದೆ, ವಿಳಾಸ ಕೇರಳದ್ದು, ಮನೆ ಹೆಸರು ಬಿಟ್ಟುಹೋಗಿರ್ತದೆ. ಕ್ಲೈಮ್ ಟೇಬಲಿನಲ್ಲಿ ಕೂತವನಿಗೆ ಇವರು ನಾಲ್ಕು ಜನ. ವಿಲೇಜ್ ಆಫೀಸಿನಿಂದ ಇಬ್ಬರೂ ಒಬ್ಬನೇ ಅನ್ನುವ ಸರ್ಟಿಫಿಕೇಟ್ ಸಿಗ್ತದೆ, ವನ್ ಅಂಡ್ ಸೇಮ್ ಅಂತ ಹೇಳಿದ್ರೆ ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಸೆಂಟರಿನ ಹುಡುಗಿಗೆ ಕೂಡ್ಲೇ ಗೊತ್ತಾಗ್ತದೆ, ಅಣ್ಣನದ್ದೂ ಅಮ್ಮನದ್ದೂ ಎರಡೂ ಮಾಡಿಸಿ ಇಡಿ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಕೇರಳದ ಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕು ಉಂಟು, ಮಲಯಾಳ ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. ಆದ್ರೆ ವಿಮೆ ಆಫೀಸಿಗೆ ಹೋಗುವ ಕಾಗದದ ಜೊತೆ ಇಂಗ್ಲಿಷ್ ಪ್ರತಿ ಇಡಿ, ಫೈಲು ಮೇಲಿನ ಆಫೀಸಿಗೆ ಹೋದ್ರೆ ಅಲ್ಲಿ ಕೂತವರಿಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ, ಹಾಗೇ ಬದಿಗೆ ಇಡ್ತಾರೆ.

ನೀವು ಕೇಳದ ಇನ್ನೆರಡು ಕಡೆ ದುಡ್ಡು ಇರಬಹುದು. ಅಣ್ಣನ ಬ್ಯಾಂಕ್ ಪಾಸ್‌ಬುಕ್ ಪ್ರಿಂಟ್ ಹಾಕಿಸಿ 2025ರ ಮೇ ಜೂನ್ ಪುಟ ನೋಡಿ, 436 ರೂಪಾಯಿ ಕಟ್ ಆಗಿದೆಯಾ ಅಂತ. ಆಗಿದ್ರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ, ಬ್ಯಾಂಕಿನಲ್ಲೇ ಕ್ಲೈಮ್, ತಡ ಮಾಡಿದಷ್ಟು ಕಿರಿಕಿರಿ. 20 ರೂಪಾಯಿಯದ್ದು ಇದ್ರೆ ಅದು ಆಕ್ಸಿಡೆಂಟಿನದ್ದು, ಹಾರ್ಟ್ ಅಟ್ಯಾಕಿಗೆ ಬರುವುದಿಲ್ಲ. ಎಷ್ಟೋ ಮನೆಯವರಿಗೆ ಹೀಗೊಂದು ವಿಮೆ ಇತ್ತು ಅಂತಲೇ ಗೊತ್ತಿರುವುದಿಲ್ಲ, ಬ್ಯಾಂಕಿನವರು ಅಕೌಂಟ್ ಮಾಡುವಾಗ ಒಂದು ಟಿಕ್ ಹಾಕಿಸಿರ್ತಾರೆ.

ಇನ್ನೊಂದು ಪಿಎಫ್. ಕಂಪೆನಿ ಕೆಲಸ ಅಂದ್ರಲ್ಲ, ಪಿಎಫ್ ಇದ್ರೆ ಅದರ ಜೊತೆ ಇಡಿಎಲ್‌ಐ ಅಂತ ವಿಮೆಯೂ ಇರ್ತದೆ, ಗರಿಷ್ಠ 7 ಲಕ್ಷದವರೆಗೆ. ಇಲ್ಲಿ ನಾಮಿನೇಶನ್ ಲೆಕ್ಕವೇ ಬೇರೆ, ಮದುವೆಗೆ ಮೊದಲು ಅಪ್ಪನ ಹೆಸರು ಬರೆದಿದ್ರೆ ಮದುವೆ ಆದ ದಿನವೇ ಅದು ತನ್ನಷ್ಟಕ್ಕೆ ರದ್ದು, ಹೊಸದಾಗಿ ಕೊಡಬೇಕಿತ್ತು. ಸರಿಯಾದ ನಾಮಿನೇಶನ್ ಇಲ್ಲದಿದ್ರೆ ಪಿಎಫ್ ಸ್ಕೀಮಿನ ಪ್ರಕಾರ ಕುಟುಂಬದವರಿಗೆ ಹಂಚ್ತಾರೆ, ಮಗಳು ಅದರಲ್ಲಿ ಹೇಗೂ ಬರ್ತಾಳೆ, ಅಮ್ಮ ಅಣ್ಣನ ಆಶ್ರಯದಲ್ಲಿ ಇದ್ರು ಅಂತ ತೋರಿಸಿದ್ರೆ ಅಮ್ಮನೂ ಬರ್ತಾರೆ. ಮಗಳಿಗೆ 25 ವರ್ಷದವರೆಗೆ ತಿಂಗಳ ಪೆನ್ಷನ್ ಕೂಡ ಉಂಟು, ಅದಕ್ಕೆ ಫಾರ್ಮ್ 10ಡಿ, ಅದನ್ನ ಅತ್ತಿಗೆಯೇ ಹಾಕಬೇಕು, ನೀವು ಅವರಿಗೆ ಹೇಳದಿದ್ರೆ ಆ ಮಗುವಿಗೆ ಆ ಪೆನ್ಷನ್ ಬರುವುದೇ ಇಲ್ಲ.

ಕಂಪೆನಿ ಸುಮ್ಮಗೆ ಸತಾಯಿಸಿದ್ರೆ ಕೊಚ್ಚಿಯಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ವಿಮೆ ಕಂಪೆನಿ ಮೇಲಿನ ದೂರು ಕೇಳುವವರು, ಫೀಸಿಲ್ಲ. ಆದ್ರೆ ಅಮ್ಮ ಮತ್ತು ಅತ್ತಿಗೆ ನಡುವಿನ ಜಗಳ ತಗೊಂಡು ಅಲ್ಲಿಗೆ ಹೋಗಬೇಡಿ, ಅವರು ನೋಡುವುದು ಕಂಪೆನಿಯ ತಪ್ಪು, ಮನೆ ಜಗಳಕ್ಕೆ ಸಿವಿಲ್ ಕೋರ್ಟೇ.

ಕಡೆಯದಾಗಿ ಮಾತು ನಿಂತ ವಿಷಯ. ನನ್ನ ಅಭಿಪ್ರಾಯ ಕೇಳಿದ್ರೆ, ಕಾಗದ ಬ್ರಾಂಚಿಗೆ ಕೊಟ್ಟು ಸೀಲು ಹಾಕಿಸಿಕೊಂಡ ದಿನ ಸಾಯಂಕಾಲವೇ ಅತ್ತಿಗೆಗೆ ಫೋನ್ ಮಾಡಿ. ಮೊದಲು ಕಾಗದ, ಆಮೇಲೆ ಫೋನ್, ಈ ಕ್ರಮ ತಪ್ಪಿಸಬೇಡಿ. ಅವರು ನಾಮಿನಿಯಾಗಿ ನನಗೆ ಸ್ವಂತ ಹಕ್ಕು ಬೇಡ, ಅಜ್ಜಿಗೂ ಮಗಳಿಗೂ ಸಮ ಪಾಲು ಕೊಡ್ಲಿಕ್ಕೆ ನನ್ನ ಒಪ್ಪಿಗೆ ಉಂಟು ಅಂತ ಒಂದು ನೋಟರೈಸ್ ಮಾಡಿದ ಕಾಗದ ಕೊಟ್ಟು, ಮಗಳ ಗಾರ್ಡಿಯನ್ ಆಗಿ ಅಮ್ಮನ ಜೊತೆ ಒಟ್ಟಿಗೆ ಸಹಿ ಹಾಕಿದ್ರೆ ಎರಡೂ ಪಾಲಿಸಿ ಕೆಲವು ತಿಂಗಳಲ್ಲಿ ಮುಗೀತದೆ. ಅವರಿಗೆ ನಷ್ಟ ಎಂತ? ಅವರ ಮಗಳಿಗೇ ಅರ್ಧ, ಮೇಲಿಂದ 3 ಲಕ್ಷದ್ದರಲ್ಲೂ ಅರ್ಧ, ಪೆನ್ಷನ್ ಬೇರೆ. ಜಗಳ ಮಾಡಿದ್ರೆ ಅದೇ ಮಗಳ ಪಾಲೂ ಕೋರ್ಟಲ್ಲಿ ಕೂರ್ತದೆ. ಇದನ್ನ ಅವರಿಗೆ ಬೆದರಿಕೆ ಥರ ಅಲ್ಲ, ಲೆಕ್ಕದ ಥರ ಹೇಳಿ. ಫೋನ್ ನೀವು ಮಾಡಿ, ಇಲ್ಲ ಅಮ್ಮನ ಕೈಯಲ್ಲಿ ಮಾಡಿಸಿ, ಮೊಮ್ಮಗಳ ಶಾಲೆ ಹೇಗೆ ಉಂಟು ಅಂತ ಶುರು ಮಾಡ್ಲಿ. ಮಾವನ ಕೈಗೆ ಮಾತ್ರ ಫೋನ್ ಕೊಡಬೇಡಿ.